ಕಿರುಚುವುದನ್ನು ಬಿಟ್ಟ ಮೇಲೆ

ಮೂರನೇ ಹಾಡಿನ ನಡುವೆ ಅವನ ಧ್ವನಿ ನಿಂತುಹೋಯಿತು.

ಯಲಹಂಕದ ಒಂದು ಕಾಲೇಜಿನ ಬಯಲು ರಂಗಮಂದಿರ. ಸಂಜೆ ಐದು ಗಂಟೆ, ಇನ್ನೂ ಬಿಸಿಲಿತ್ತು. ವೇದಿಕೆಯ ಕೆಳಗೆ ಇನ್ನೂರು ಮುನ್ನೂರು ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುತ್ತಿದ್ದರು. ನಾನು ಹಿಂದೆ ಡ್ರಮ್ಸ್ ಮುಂದೆ ಕೂತಿದ್ದೆ. ಡ್ರಮ್ಸ್ ಬಾರಿಸುವವಳಿಗೆ ಹಾಡುವವನ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಅವನು ಕಿರುಚುವ ಮುಂಚೆ ಉಸಿರೆಳೆದುಕೊಂಡಾಗ ಬೆನ್ನಿನ ಮೇಲೆ ಅಂಗಿ ಬಿಗಿಯುತ್ತಿತ್ತು. ಅದನ್ನು ನೋಡಿಕೊಂಡೇ ನಾನು ಏಟು ಹಾಕುತ್ತಿದ್ದೆ. ಆವತ್ತೂ ಅಂಗಿ ಬಿಗಿಯಿತು, ನಾನು ಏಟು ಹಾಕಿದೆ, ಸ್ಪೀಕರಿನಿಂದ ಮಾತ್ರ ಏನೂ ಬರಲಿಲ್ಲ. ಮೈಕು ಕೈಕೊಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಅವನು ತಿರುಗಿ ನನ್ನನ್ನು ನೋಡಿದ. ಬಾಯಿ ತೆರೆದೇ ಇತ್ತು. ಕತ್ತಿನ ನರ ಉಬ್ಬಿತ್ತು. ಎರಡು ಬೆರಳಿನಿಂದ ಗಂಟಲು ಮುಟ್ಟಿಕೊಂಡು ತಲೆ ಅಲ್ಲಾಡಿಸಿದ.

ನಾನು ಆಗಲೇ ಕೋಲು ಕೆಳಗಿಡಬೇಕಿತ್ತು. ಇಡಲಿಲ್ಲ. ಎದುರಿಗಿದ್ದವರಿಗೆ ಆ ಹಾಡು ಬಾಯಿಪಾಠವಾಗಿತ್ತು, ಅವರೇ ಕಿರುಚತೊಡಗಿದರು, ನನ್ನ ಕೈಗಳು ತಮ್ಮ ಪಾಡಿಗೆ ತಾವು ಹೋಗುತ್ತಲೇ ಇದ್ದವು. ಹಾಡು ಮುಗಿಯುವ ತನಕ ಅವನು ಮೈಕಿನ ಮುಂದೆ ಸುಮ್ಮನೆ ಬಾಯಿ ಆಡಿಸುತ್ತ ನಿಂತಿದ್ದ. ಆಮೇಲೆ ವೇದಿಕೆಯ ಪಕ್ಕಕ್ಕೆ ಹೋಗಿ ಕರವಸ್ತ್ರದಲ್ಲಿ ಉಗಿದ. ಗಿಟಾರಿನವನು ಅದನ್ನು ಬಿಡಿಸಿ ನೋಡಿ, ನನ್ನ ಕಡೆ ಹಿಡಿದ. ಎಂಜಲಿನಲ್ಲಿ ಒಂದೆಳೆ ರಕ್ತವಿತ್ತು.

ಆಗ ನಮ್ಮ ಬ್ಯಾಂಡಿಗೆ ಮೂರು ವರ್ಷ. ನಾವು ಇದ್ದದ್ದೂ ಮೂರೇ ಜನ. ಬ್ಯಾಂಡಿನ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಬಾಯಿ ಬಿಟ್ಟು ಹೇಳಲು ನಾಚಿಕೆಯಾಗಬೇಕು ಅನ್ನುವ ಉದ್ದೇಶದಿಂದಲೇ ಇಟ್ಟ ಹೆಸರದು. ಹಾಡುವವನು ಕೊಡಿಗೇಹಳ್ಳಿಯವನು. ವಿಮಾನ ನಿಲ್ದಾಣದ ರಸ್ತೆಗಿಂತ ಹಳೆಯದಾದ ಹಂಚಿನ ಮನೆ ಅವರದು, ಸುತ್ತ ನಾಲ್ಕಂತಸ್ತಿನ ಕಟ್ಟಡಗಳು ಎದ್ದ ಮೇಲೆ ಬಾವಿಯೊಳಗೆ ಇಟ್ಟ ಹಾಗೆ ಕಾಣುತ್ತಿತ್ತು. ಹಸುಗಳನ್ನು ಮಾರಿದ ಮೇಲೆ ಹಿಂದಿನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲೇ ನಮ್ಮ ಅಭ್ಯಾಸ. ಗಿಟಾರಿನವನು ಆರ್.ಟಿ. ನಗರದವನು, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ನಾನು ಯಲಹಂಕ ನ್ಯೂ ಟೌನಿನಲ್ಲಿ ಬೆಳೆದವಳು. ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದವರು. ನಾನು ಡ್ರಮ್ಸ್ ಕಲಿಯುತ್ತೇನೆಂದಾಗ ಅವ್ವ ಅಂದದ್ದು ಇಷ್ಟು: "ಬಡಿಯೂದs ಆದ್ರ ಮನ್ಯಾಗ ಹಾಸ್ಗಿ ಬಾಳ ಅದಾವ, ಬಡಿ."

ನಾವು ಬಾರಿಸುತ್ತಿದ್ದದ್ದು ಪಂಕ್. ಗಿಟಾರಿನಲ್ಲಿ ಮೂರು ಕಾರ್ಡು, ಎರಡು ನಿಮಿಷ, ಗಂಟಲು ಹರಿಯುವ ಹಾಗೆ ಕೂಗು. ಹಾಡುಗಳೆಲ್ಲ ಇಂಗ್ಲಿಷಿನಲ್ಲಿ. ನಮಗೆ ಯಾರ ಮೇಲೆ ಸಿಟ್ಟು ಎಂದು ಯಾರಾದರೂ ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ಆದರೆ ಸಿಟ್ಟು ಮಾತ್ರ ನಿಜವಾಗಿಯೂ ಇತ್ತು.

ಮಾರನೆಯ ಬೆಳಿಗ್ಗೆ ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಗಂಟಲಿನ ಡಾಕ್ಟರು ನಡುವಯಸ್ಸಿನ ಹೆಂಗಸು.

"ಏನ್ ಕೆಲಸ ಮಾಡ್ತೀರಾ?" ಎಂದು ಕೇಳಿದರು.

ಅವನು ಇದ್ದಬದ್ದ ಉಸಿರಿನಲ್ಲಿ ಪಿಸುಗುಟ್ಟಿದ, "ಆಡ್ತೀನಿ ಮೇಡಂ."

"ಯಾವ ಆಟ?"

ಅವನ ಊರಿನ ಮಾತಿನಲ್ಲಿ ಹಕಾರ ಇರಲಿಲ್ಲ. ಹಾಡು ಆಡು ಆಗುತ್ತಿತ್ತು, ಹಳ್ಳ ಅಳ್ಳವಾಗುತ್ತಿತ್ತು. ಗಿಟಾರಿನವನು ಅಡ್ಡ ಬಾಯಿ ಹಾಕಿದ. "ಆಟ ಅಲ್ಲ ಮೇಡಂ, ಹಾಡು. ಹಾಡ್ತಾನೆ."

"ಶಾಸ್ತ್ರೀಯಾನಾ?"

ಮೂವರೂ ನೆಲ ನೋಡಿದೆವು.

ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಪಟ್ಟಿ, ಅದರಲ್ಲೊಂದರ ಅಂಚಿಗೆ ಕೆಂಪು ಗಂಟು. ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಎಂದರು. ಪರೀಕ್ಷೆ ಯಾಕೆ ಎಂದು ನಾನು ಕೇಳಿದೆ. "ಕಳಿಸೋದು ರೂಢಿ," ಎಂದರು, ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಹಾಡುವವನ ಅಪ್ಪ ಬೀಡಿ ಸೇದುತ್ತಿದ್ದವರು, ಇವನೂ ಹದಿನಾರರಿಂದ ಸಿಗರೇಟು ಸೇದುತ್ತಿದ್ದವನು. ಡಾಕ್ಟರು ಅದನ್ನೆಲ್ಲ ಬರೆದುಕೊಂಡರು. ಆಪರೇಷನ್ ಆದ ಮೇಲೆ ಮೂರು ವಾರ ಪೂರ್ತಿ ಮೌನ. "ಪಿಸುಮಾತೂ ಕೂಡದು. ಪಿಸುಗುಡೋದೂ ಗಂಟಲಿಗೆ ಕೆಟ್ಟದ್ದೇ," ಎಂದು ಎರಡು ಸಲ ಹೇಳಿದರು.

ಆಪರೇಷನ್ ಸಲೀಸಾಗಿ ಮುಗಿಯಿತು. ಅವನಿಗೆ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದುಕೊಟ್ಟೆ. ಹೇಳಬೇಕಾದ್ದನ್ನೆಲ್ಲ ಅದರಲ್ಲಿ ಬರೆಯುತ್ತಿದ್ದ. ಬರೆಯುವಾಗ ಅವನ ಹಕಾರಗಳೆಲ್ಲ ವಾಪಸು ಬಂದುಬಿಡುತ್ತಿದ್ದವು. 'ಹಸಿವಾಗಿದೆ', 'ಹೋಗಿ ಬನ್ನಿ' ಎಂದು ಸರ್ಕಾರಿ ಶಾಲೆಯ ದುಂಡು ಅಕ್ಷರದಲ್ಲಿ ಬರೆದು ತೋರಿಸಿದರೆ, ಯಾರೋ ಗೊತ್ತಿಲ್ಲದವರ ಜೊತೆ ಕೂತ ಹಾಗೆ ಅನಿಸುತ್ತಿತ್ತು.

ಆ ಮೌನದ ಎರಡನೇ ವಾರದಲ್ಲಿ ಗಿಟಾರಿನವನಿಗೆ ಒಂದು ಫೋನ್ ಬಂತು. ಹೆಬ್ಬಾಳದ ಕಡೆ ಒಂದು ದೊಡ್ಡ ಸಭಾಂಗಣ, ಭಾನುವಾರ ಮಧ್ಯಾಹ್ನದ ಕಾರ್ಯಕ್ರಮ, ಮುಂಬೈಯಿಂದ ಹೆಸರುವಾಸಿ ಬ್ಯಾಂಡೊಂದು ಬರುತ್ತಿದೆ, ಅವರಿಗಿಂತ ಮುಂಚೆ ನಾವು ಅರ್ಧ ಗಂಟೆ ಬಾರಿಸಬೇಕು. ಮೂರು ವರ್ಷದಿಂದ ನಾವು ಕಾಯುತ್ತಿದ್ದದ್ದು ಇಂಥದಕ್ಕೇ. ಅವನು ಫೋನಿನಲ್ಲೇ ಆಯಿತೆಂದುಬಿಟ್ಟಿದ್ದ.

"ಯಾರ್ ಹಾಡ್ತಾರೆ?" ಎಂದೆ.

"ನೀನೇ ಮಗಾ. ಎಲ್ಲಾ ಹಾಡೂ ಗೊತ್ತಲ್ಲ ನಿಂಗೆ."

"ಅವ್ನಿಗೆ?"

"ಹೇಳೋಣ. ರಿಪೋರ್ಟ್ ಬರ್ಲಿ. ಅವ್ನಿಗೆ ಈಗ್ಲೇ ಟೆನ್ಷನ್ನು, ಇದೊಂದು ಯಾಕೆ?"

ಅದು ಅವನಿಗಾಗಿ ಆಡಿದ ಮಾತಲ್ಲ, ನಮಗಾಗಿ ಆಡಿದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆರ್.ಟಿ. ನಗರದಲ್ಲಿ ಗಿಟಾರಿನವನ ಮನೆಯ ಮಹಡಿಯ ಮೇಲೆ ಅಭ್ಯಾಸ ಶುರು ಮಾಡಿದೆವು. ಮುಗಿಸಿ ನೇರ ಕೊಡಿಗೇಹಳ್ಳಿಗೆ ಹೋಗಿ ಅವನ ಎದುರಿಗೆ ಕೂತು ಕ್ರಿಕೆಟ್ಟು, ಸಿನಿಮಾ ಎಂದು ಏನೇನೋ ಮಾತಾಡುತ್ತಿದ್ದೆವು. ಒಂದು ದಿನ ಅವನು ನನ್ನ ಅಂಗೈ ನೋಡಿದ. ಕೋಲು ಹಿಡಿದ ಜಾಗದಲ್ಲಿ ಹೊಸ ಬೊಬ್ಬೆ ಎದ್ದಿತ್ತು. ನೋಟ್‌ಬುಕ್ಕಿನಲ್ಲಿ ಬರೆದ: 'ಅಭ್ಯಾಸ ಮಾಡುತ್ತಿದ್ದೀರಾ?'

ನನಗೆ ಬಾಯಿತ್ತು. ಬಾಯಲ್ಲೇ ಹೇಳಬಹುದಿತ್ತು. ಯಾಕೋ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದರ ಕೆಳಗೆ 'ಇಲ್ಲ' ಎಂದು ಬರೆದೆ. ಬಾಯಲ್ಲಿ ಹೇಳಿದ್ದರೆ ಧ್ವನಿ ನಡುಗುತ್ತಿತ್ತೇನೋ. ಆದರೆ ಬರೆದದ್ದು ಅಲ್ಲೇ ಉಳಿಯುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಭಾನುವಾರ ಸಭಾಂಗಣ ತುಂಬಿತ್ತು. ಮೈಕನ್ನು ನನ್ನ ಬಾಯಿಗೆ ಸರಿಯಾಗಿ ಬಗ್ಗಿಸಿ ಕಟ್ಟಿದ್ದರು. ಮೊದಲ ಹಾಡು ಹೇಗೋ ಮುಗಿಯಿತು. ಎರಡನೆಯದಕ್ಕೆ ದೀಪ ಜನರ ಮೇಲೆ ತಿರುಗಿದಾಗ ಅವನನ್ನು ಕಂಡೆ. ಪೋಸ್ಟರಿನಲ್ಲಿ ನಮ್ಮ ಹೆಸರು ನೋಡಿರಬೇಕು, ಮುಂದಿನ ಸಾಲಿನಲ್ಲಿ ಬೇಲಿಗೆ ಒತ್ತಿಕೊಂಡು ನಿಂತಿದ್ದ. ಕತ್ತಿಗೆ ಅವರಮ್ಮನ ಕಂದು ಬಣ್ಣದ ಮಫ್ಲರು. ಸುತ್ತ ಎಲ್ಲರೂ ಎಗರುತ್ತಿದ್ದರು, ಅವನೊಬ್ಬ ಕಂಬದ ಹಾಗೆ ನಿಂತು ನನ್ನನ್ನೇ ನೋಡುತ್ತಿದ್ದ. ಹಾಡಿನ ನಡುವೆ ಅವನ ಮುಖ ನನಗೆ ಅಷ್ಟು ಹೊತ್ತು ಕಂಡದ್ದು ಅದೇ ಮೊದಲು. ಸಿಟ್ಟಿದೆಯೇ ಎಂದು ಹುಡುಕಿದೆ. ಸಿಟ್ಟಿದ್ದಿದ್ದರೆ ಧೈರ್ಯವಾಗುತ್ತಿತ್ತು. ಅವನು ಮಾತ್ರ ಗಮನವಿಟ್ಟು ಕೇಳುತ್ತಿದ್ದ. ನನಗೆ ಒಂದು ಸಾಲು ತಪ್ಪಿತು, ಇನ್ನೊಂದು ಹಾಡಿನ ಸಾಲನ್ನು ತಂದು ಸೇರಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ಅವನೊಬ್ಬ ಕಣ್ಣು ಮುಚ್ಚಿ ತೆರೆದ.

ಇಳಿದು ಬರುವಷ್ಟರಲ್ಲಿ ಪಕ್ಕದ ಬಾಗಿಲಲ್ಲಿ ನಿಂತಿದ್ದ. ಗಿಟಾರಿನವನು, "ಮಗಾ, ಹೇಳ್ಬೇಕು ಅಂತಾನೇ ಇದ್ವಿ," ಎಂದು ಶುರುಮಾಡಿದ. ಅವನು ಕೈಯೆತ್ತಿ ನಿಲ್ಲಿಸಿದ. ಚೀಲದಿಂದ ನೋಟ್‌ಬುಕ್ ತೆಗೆದ. ಹಾಳೆ ಹಿಂದಕ್ಕೆ ಮಗುಚಿ ನಾನು ಬರೆದ 'ಇಲ್ಲ' ಇದ್ದ ಪುಟಕ್ಕೆ ಬಂದ. ಅದರ ಕೆಳಗೆ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದ.

'ಎರಡನೇ ಸಾಲು ತಪ್ಪು ಹಾಡಿದೆ.'

ಅಷ್ಟೇ. ನೋಟ್‌ಬುಕ್ ಮುಚ್ಚಿ, ಮಫ್ಲರು ಸರಿಮಾಡಿಕೊಂಡು ಹೊರಟುಹೋದ.

ಆಮೇಲೆ ಅವನ ಫೋನ್ ಆಫ್. ಮೂರು ವಾರದ ಮೌನ ಮುಗಿದು ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ರಿಪೋರ್ಟ್ ಬಂದಿರಬೇಕು, ಬಂದು ಎಷ್ಟೋ ದಿನವಾಗಿರಬೇಕು. ಏನಂತ ಬಂತು? ಕೊಡಿಗೇಹಳ್ಳಿಗೆ ಹೋದರೆ ಅವರಮ್ಮ ಬಾಗಿಲಲ್ಲೇ ನಿಂತು ಮಾತಾಡಿಸಿದರು. ಯಾವತ್ತೂ ಒಳಗೆ ಕರೆದು ಕಾಫಿ ಕೊಡುತ್ತಿದ್ದವರು.

"ಅವ್ನಿಲ್ಲ ಕಣವ್ವ."

"ಎಲ್ಲಿದಾನಮ್ಮ?"

"ಯೋಳ್ಬ್ಯಾಡ ಅಂದವ್ನೆ."

"ರಿಪೋರ್ಟು?"

ಅವರು ಒಂದು ಗಳಿಗೆ ನನ್ನನ್ನು ನೋಡಿದರು. "ಅದ್ನೂ ಯೋಳ್ಬ್ಯಾಡ ಅಂದವ್ನೆ," ಎಂದು ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದರು.

ಆ ಸೆರಗು ನನ್ನ ನಿದ್ದೆ ಕೆಡಿಸಿತು. ಒಳ್ಳೆಯ ಸುದ್ದಿಯನ್ನು ಯಾರು ಮುಚ್ಚಿಡುತ್ತಾರೆ? ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ. ಆಗ ನಾನು ಯಶವಂತಪುರದ ಹತ್ತಿರ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಡ್ರಾಯಿಂಗ್ ವಿಭಾಗಕ್ಕೆ ಸೇರಿದ್ದೆ. ಎಳೆಯುವ ಗೆರೆಗಳೆಲ್ಲ ತಪ್ಪುತ್ತಿದ್ದವು. ಗಿಟಾರಿನವನೂ ನಾನೂ ಒಬ್ಬರಿಗೊಬ್ಬರು ಫೋನ್ ಮಾಡುವುದನ್ನು ಬಿಟ್ಟೆವು. ಮಾಡಿದರೆ ತಪ್ಪು ಯಾರದು ಎಂಬಲ್ಲಿಗೇ ಮಾತು ಬರುತ್ತಿತ್ತು.

ಒಂದು ಶುಕ್ರವಾರ ಗಿಟಾರಿನವನೇ ಕರೆದ. "ನಾನಾ ಮನೆಗ್ ಬಾ, ಒಂದು ತೋರಿಸ್ಬೇಕು." ನಾನಾ ಅಂದರೆ ಅವನ ತಾಯಿಯ ತಂದೆ. ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಮನೆ. ಪ್ರಾಯದಲ್ಲಿ ಕವ್ವಾಲಿ ಮೇಳವೊಂದರಲ್ಲಿ ಬೆಂಜೋ ಬಾರಿಸುತ್ತಿದ್ದವರು. ಈ ಬೆಂಜೋ ನಮ್ಮ ಕಡೆಯದು: ಉದ್ದನೆಯ ಪೆಟ್ಟಿಗೆ, ಮೇಲೆ ತಂತಿ, ತಂತಿಯನ್ನು ಒತ್ತಲು ಹಳೇ ಟೈಪ್‌ರೈಟರಿನ ಹಾಗೆ ಗುಂಡಿಗಳು. ಗಿಟಾರಿನವನು ನೆಲದ ಮೇಲೆ ಕೂತು ಅದನ್ನು ಬಾರಿಸುತ್ತಿದ್ದ. ಎರಡು ತಿಂಗಳು ಅವನು ಮಾಡಿದ್ದು ಅದೊಂದೇ ಎಂದು ಕೇಳಿದೊಡನೆ ಗೊತ್ತಾಯಿತು. ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಹಾಡುಗಳೆಂದರೆ ಅವನಿಗೆ ಮೊದಲಿಂದ ಇಷ್ಟ, ಪಂಕಿನವರು ನಗುತ್ತಾರೆಂದು ಮುಚ್ಚಿಟ್ಟಿದ್ದ. ಅದರ ನಡಿಗೆಯನ್ನು ಈ ಪೆಟ್ಟಿಗೆಯ ಮೇಲೆ ತಂದಿದ್ದ. ನಡುನಡುವೆ ಹಳೇ ಸಿಟ್ಟು ನುಗ್ಗಿ ತಂತಿ ಕಿರುಗುಟ್ಟುತ್ತಿತ್ತು.

ನಾನಾ ಗೋಡೆಗೆ ಒರಗಿ ಕೂತಿದ್ದರು. "ಇವ್ನು ಇದ್ನ ಹೊಡೀತಾನೆ ಬೇಟಿ," ಎಂದು ದೂರಿದರು. "ಇದು ಹೊಡಿಯೋದಲ್ಲ. ಕೇಳೋರ್ ಜೊತೆ ಮಾತಾಡೋದು."

ಹೊರಗೆ ಬಂದ ಮೇಲೆ ಗಿಟಾರಿನವನು ಹೇಳಿದ: ಅವನ ಪರಿಚಯದವರೊಬ್ಬರು ಹಾಡುವವನನ್ನು ರಾಜಾನುಕುಂಟೆಯ ಬಸ್ ನಿಲ್ದಾಣದಲ್ಲಿ ಕಂಡಿದ್ದಾರೆ. ಅಲ್ಲಿ ಅವನ ಅಕ್ಕನ ಮನೆ. "ನೀನ್ ಹೋಗು. ನಾನ್ ಹೋದ್ರೆ ಹೊಡೆದಾಟ ಆಗತ್ತೆ."

ಮರುದಿನವೇ ದೊಡ್ಡಬಳ್ಳಾಪುರ ರಸ್ತೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನನ್ನು ನೋಡಿದ ಕೂಡಲೇ ಏನು ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಸಣ್ಣಗಾಗಿರುತ್ತಾನೆಯೇ? ತಲೆಗೂದಲು ಇರುತ್ತದೆಯೇ? ಅವನ ಅಕ್ಕನ ಮನೆ ಹೊಸ ಲೇಔಟಿನ ಕಲ್ಲುಕಂಬಗಳ ಪಕ್ಕದಲ್ಲೇ ಇತ್ತು. ಕಂಬಗಳಾಚೆ ಸೇವಂತಿಗೆ ತೋಟ. ಅಕ್ಕ ಜಗುಲಿಯ ಮೇಲೆ ಹೂವು ಕುಕ್ಕೆಗೆ ತುಂಬುತ್ತಿದ್ದರು.

"ಬಂದ್ರಾ? ಇವತ್ತಲ್ಲ ನಾಳೆ ಬತ್ತೀರಾ ಅಂತ ನಂಗೊತ್ತಿತ್ತು."

"ಅಕ್ಕಾ, ರಿಪೋರ್ಟು…"

"ಯಾವ ರಿಪೋರ್ಟು? ಗಂಟ್ಲಿಂದಾ? ಏನೂ ಇಲ್ವಂತಲ್ಲ. ಬರೀ ಗಂಟು. ನಿಮ್ ಪ್ರೋಗ್ರಾಮ್ ಆದ್ ವಾರ್ದಾಗೇ ಬಂತಲ್ಲ."

ನಾನು ಅವರ ಕುಕ್ಕೆಯ ಪಕ್ಕದಲ್ಲೇ ಕೂತುಬಿಟ್ಟೆ. ಮೊದಲು ಅಳು ಬಂತು. ಅಕ್ಕ ನೀರು ತಂದುಕೊಟ್ಟರು, ಕುಡಿದೆ. ಕುಡಿದು ಮುಗಿಸುವಷ್ಟರಲ್ಲಿ ಅಳು ಹೋಗಿ ಸಿಟ್ಟು ಬಂದಿತ್ತು.

ಅವನು ತೋಟದ ಬದುವಿನ ಮೇಲೆ ಪೈಪು ಹಿಡಿದು ನಿಂತಿದ್ದ. ನನ್ನನ್ನು ನೋಡಿ ನೀರು ನಿಲ್ಲಿಸಲಿಲ್ಲ.

"ಬಂದ್ಯಾ," ಎಂದ.

ಎರಡೂವರೆ ತಿಂಗಳಿಂದ ಕೇಳದ ಧ್ವನಿ. ಅದರ ಮೇಲಿನ ಅರ್ಧವನ್ನು ಯಾರೋ ಕತ್ತರಿಸಿಕೊಂಡು ಹೋದ ಹಾಗಿತ್ತು. ತಗ್ಗಿನಲ್ಲಿ, ಸ್ವಲ್ಪ ಒರಟಾಗಿ, ಪಕ್ಕದಲ್ಲಿ ನಿಂತರೆ ಮಾತ್ರ ಕೇಳುವಂಥದ್ದು.

"ಎರಡ್ ತಿಂಗಳು ನಾವು ಸತ್ ಬದುಕಿದೀವಿ ಕಣೋ. ನೀನು ಇಲ್ಲಿ ಹೂವಿಗೆ ನೀರ್ ಬಿಡ್ತಿದೀಯಾ?"

"ಅಂಗಾಗ್ಲಿ ಅಂತ್ಲೇ ಯೋಳ್ಲಿಲ್ಲ."

"ಅಮ್ಮನ ಕೈಲೂ ಸುಳ್ ಹೇಳಿಸ್ತೀಯಾ?"

"ಅಮ್ಮ ಸುಳ್ಳೇಳ್ಲಿಲ್ಲ. ಯೋಳಲ್ಲ ಅಂದ್ರು." ಪೈಪನ್ನು ಇನ್ನೊಂದು ಸಾಲಿಗೆ ಎಳೆದ. "ಸುಳ್ಳು ಬರೆದಿದ್ದು ನೀನು. ನನ್ ಪುಸ್ತಕ್ದಾಗೆ. ದಿನಾ ಏನಾರ ಬರಿಯಕ್ಕೆ ಅಂತ ತಗದ್ರೆ ಅದೇ ಕಾಣದು."

ನೀರು ಸಾಲು ತುಂಬಿ ನನ್ನ ಚಪ್ಪಲಿಯ ಮೇಲೆ ಹರಿಯಿತು. ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಲೆಕ್ಕ ಹಾಕಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಇನ್ನ ಕಿರ್ಚಕ್ಕಾಗಲ್ಲ ಕಣೆ," ಎಂದ ಅವನು. "ಕಿರ್ಚಿದ್ರೆ ಮತ್ತೆ ಬತ್ತದೆ, ಆಗ ಪೂರ್ತಿ ಓಯ್ತದೆ ಅಂದವ್ರೆ. ನೀವೇ ಆಡ್ಕಳಿ. ನಾನೇನೂ ಅನ್ನಲ್ಲ."

"ಕಿರುಚಬೇಡ ಹಂಗಾದ್ರೆ. ಸುಮ್ನೆ ಹಾಡು."

ಅವನು ಒಳಗೆ ಹೋಗಿ ಆ ನೋಟ್‌ಬುಕ್ ತಂದ. ನನ್ನ ಪುಟ ದಾಟಿ ಹತ್ತಿಪ್ಪತ್ತು ಪುಟ ತುಂಬಿತ್ತು. ಈ ಸಲ ಹಕಾರ ಇರಲಿಲ್ಲ. ತಾನು ಮಾತಾಡುವ ಹಾಗೇ ಬರೆದಿದ್ದ. ಬದುವಿನ ಮೇಲೆ ಕೂತು ಒಂದನ್ನು ಹಾಡಿದ:

*ಅಳ್ಳ ಇತ್ತು, ಅಳ್ಳ ಇಲ್ಲ,*
*ಮ್ಯಾಲೆ ರೋಡು ಐತೆ;*
*ನಮ್ಮಪ್ಪ ಅಲ್ಲಿಗ್ ಬಂದ್ರೆ ಈಗ್ಲೂ*
*ಪಂಚೆ ಎತ್ತಿ ದಾಟ್ತಾನೆ.*

ಮೂರು ವರ್ಷ ಇಂಗ್ಲಿಷಿನಲ್ಲಿ ಕಿರುಚಿದ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿತ್ತು. ನನ್ನ ಬೆರಳುಗಳು ತೊಡೆಯ ಮೇಲೆ ತಾಳ ಹುಡುಕುತ್ತಿದ್ದವು. ಬೆಂಜೋದ ವಿಷಯ ಹೇಳಿದೆ.

ಕೊಟ್ಟಿಗೆಯಲ್ಲಿ ಮತ್ತೆ ಮೂವರೂ ಸೇರಿದ ದಿನ ಯಾರೂ ಕೈ ಕುಲುಕಲಿಲ್ಲ. ಗಿಟಾರಿನವನು ಬೆಂಜೋ ಬಿಚ್ಚಿಟ್ಟ. ಹಾಡುವವನು ಅದರ ಗುಂಡಿ ಒತ್ತಿ ನೋಡಿದ. ಆರು ತಿಂಗಳು ಕಷ್ಟಪಟ್ಟೆವು. ನನಗೆ ಎಲ್ಲರಿಗಿಂತ ಕಷ್ಟ. ಜೋರಾಗಿ ಬಾರಿಸಿದರೆ ಅವನ ಧ್ವನಿ ಮುಳುಗುತ್ತಿತ್ತು. ಕೋಲು ಬಿಟ್ಟು ತಂತಿಯ ಬ್ರಷ್ ಹಿಡಿಯಲು ಕಲಿತೆ. ಸಿಟ್ಟನ್ನು ಇಳಿಸದೆ ಸದ್ದನ್ನು ಇಳಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ದಿನವೂ ಜಗಳ.

ಹೊಸ ಹಾಡುಗಳನ್ನು ಮೊದಲು ಹಾಡಿದ್ದು ಯಶವಂತಪುರದಲ್ಲಿ, ಒಂದು ಕಟ್ಟಡದ ಮೇಲಂತಸ್ತಿನ ಹಾಲಿನಲ್ಲಿ. ಬಂದವರೆಲ್ಲ ಹಳಬರು, ಎಗರಲು ಬಂದವರು. ನಾನಾ ಟೋಪಿ ಹಾಕಿಕೊಂಡು ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮೊದಲ ಹಾಡಿಗೆ ಜನ ಸುಮ್ಮನಿದ್ದರು. ಎರಡನೆಯದಕ್ಕೆ ನಗು ಶುರುವಾಯಿತು.

"ಏಯ್ ಗುರು, ಭಜನೆಗ್ ಬಂದಿಲ್ಲ ನಾವು!"

"ಹಳೇದ್ ಹಾಡ್ರೋ!"

ಮೂರನೆಯ ಹಾಡಿಗೆ ನೀರು ತುಂಬಿದ ಬಾಟಲಿ ಹಾರಿ ಬಂದು ಬೆಂಜೋದ ಮೇಲೆ ಬಿತ್ತು. ಟಣ್ಣೆಂದು ತಂತಿ ಕಿತ್ತುಬಂದು ಗಿಟಾರಿನವನ ಬೆರಳು ಸೀಳಿತು. ಬಿಳಿ ಗುಂಡಿಗಳ ಮೇಲೆ ರಕ್ತ ಹನಿಯಿತು. ಹಾಡುವವನು ಅದನ್ನು ನೋಡಿದ. ನಾನು ಅವನ ಬೆನ್ನು ನೋಡಿದೆ. ಅಂಗಿ ಬಿಗಿಯುತ್ತಿತ್ತು. ಹಳೆಯ ಹಾಗೇ, ಭುಜದಿಂದ ಸೊಂಟದ ತನಕ. ಇನ್ನೊಂದು ಕ್ಷಣಕ್ಕೆ ಅವನು ಕಿರುಚುತ್ತಾನೆ, ಅವರು ಕೇಳಿದ್ದನ್ನು ಕೊಟ್ಟುಬಿಡುತ್ತಾನೆ, ಆಮೇಲೆ ಡಾಕ್ಟರು ಹೇಳಿದ್ದು ಆಗುತ್ತದೆ.

ನಾನು ಎರಡೂ ಕೈ ಎತ್ತಿ ಬಾರಿಸುವುದನ್ನು ನಿಲ್ಲಿಸಿಬಿಟ್ಟೆ.

ತಾಳ ನಿಂತೊಡನೆ ಹಾಲಿನಲ್ಲಿ ದೊಡ್ಡ ಗುಂಡಿ ಬಿದ್ದ ಹಾಗಾಯಿತು. ನಗುತ್ತಿದ್ದವರೂ ಏನಾಯಿತೆಂದು ನೋಡಿದರು. ಅವನು ತಿರುಗಿದ. ನಾನು ತಲೆ ಅಲ್ಲಾಡಿಸಿದೆ. ಅವನ ಭುಜ ನಿಧಾನಕ್ಕೆ ಇಳಿಯಿತು. ಮೈಕನ್ನು ಪಕ್ಕಕ್ಕೆ ಸರಿಸಿ, ಜನರ ಅಂಚಿಗೆ ಹೋಗಿ ನಿಂತು, ನಿಲ್ಲಿಸಿದ್ದ ಸಾಲಿನಿಂದ ಮತ್ತೆ ಹಾಡಿದ. ಬರೀ ಬಾಯಲ್ಲಿ, ಆ ತಗ್ಗಿದ ಧ್ವನಿಯಲ್ಲಿ. ಕೇಳಬೇಕಾದರೆ ಬಾಯಿ ಮುಚ್ಚಿಕೊಳ್ಳಲೇಬೇಕಿತ್ತು. ಕೆಲವರು ಮುಚ್ಚಿಕೊಂಡರು. ಹೆಚ್ಚಿನವರು ಮೆಟ್ಟಿಲಿಳಿದು ಹೊರಟರು, ಅವರ ಬೂಟಿನ ಸದ್ದು ಹಾಡು ಮುಗಿಯುವ ತನಕ ಕೇಳುತ್ತಿತ್ತು. ಗಿಟಾರಿನವನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಉಳಿದ ತಂತಿಗಳಲ್ಲಿ ಬಾರಿಸಿದ.

ಕೊನೆಗೆ ಉಳಿದವರು ಮೂವತ್ತು ಜನ ಇರಬಹುದು. ನಾವು ತಲೆ ತಗ್ಗಿಸಿಕೊಂಡು ಸಾಮಾನು ಕಟ್ಟುತ್ತಿದ್ದಾಗ ನಾನಾ ಬಂದರು. "ಮೂವತ್ತು ಜನ ಕೂತು ಕೇಳಿದ್ರು ಬೇಟಿ. ಕವ್ವಾಲಿಗೂ ಅಷ್ಟೇ ಇರ್ತಿದ್ರು. ಬಾಕಿಯವರು ಬಿರಿಯಾನಿಗೆ ಬರ್ತಿದ್ರು," ಎಂದರು. ಮೊಮ್ಮಗನ ಬೆರಳನ್ನು ಹಿಡಿದು ನೋಡಿ, "ಇವತ್ತು ಹೊಡೀಲಿಲ್ಲ ನೀನು," ಎಂದರು.

ಆ ಮೂವತ್ತರಲ್ಲಿ ಒಬ್ಬಳು ಅಂತರ್ಜಾಲದಲ್ಲಿ ನಮ್ಮ ಬಗ್ಗೆ ಬರೆದಳು. ಪಂಕ್ ಬೇರಿನ ಆಲ್ಟರ್ನೇಟಿವ್ ಕಂಟ್ರಿ ಬ್ಯಾಂಡ್ ಎಂದು ಕರೆದಿದ್ದಳು. ಹಾಡುವವನು ಓದಿ, "ಅಂಗಂದ್ರೇನ್ಲಾ?" ಎಂದು ಕೇಳಿದ.

"ನಿಮ್ಮೂರ್ ಹಾಡನ್ನ ಸಿಟ್ಟಲ್ಲಿ ಹಾಡೋದು," ಎಂದ ಗಿಟಾರಿನವನು.

"ಅದುಕ್ಕೆ ಇಷ್ಟುದ್ದ ಎಸ್ರಾ?"

ಆ ಬರಹದಿಂದ ಸಣ್ಣ ಸಣ್ಣ ವೇದಿಕೆಗಳಿಂದ ಕರೆ ಬರತೊಡಗಿತು. ಮೈಸೂರು, ಹುಬ್ಬಳ್ಳಿ, ಒಮ್ಮೆ ಕೊಚ್ಚಿ. ಎಂಟು ಹಾಡು ಕೂಡಿದಾಗ ರೆಕಾರ್ಡ್ ಮಾಡೋಣ ಎಂದುಕೊಂಡೆವು, ಅದೂ ಕೊಟ್ಟಿಗೆಯಲ್ಲೇ. ಇಂದು ನಾಳೆ ಎನ್ನುತ್ತ ಮಳೆಗಾಲ ಕಳೆಯಿತು. ಅಷ್ಟರಲ್ಲಿ ಹಾಡುವವನ ಅಪ್ಪನೂ ಚಿಕ್ಕಪ್ಪಂದಿರೂ ಜಾಗವನ್ನು ಕಟ್ಟಡ ಕಟ್ಟುವವರಿಗೆ ಒಪ್ಪಿಸಿದ್ದರು. ಸೋಮವಾರ ಕೆಡವಲು ಬರುತ್ತಾರೆ ಎಂದು ಅವನಿಗೆ ಗೊತ್ತಾದದ್ದು ಶನಿವಾರ. ಭಾನುವಾರ ಸ್ನೇಹಿತರಿಂದ ಮೈಕು, ಮೆಷೀನು ಎರವಲು ತಂದು ಜೋಡಿಸುವುದರಲ್ಲೇ ಮುಗಿಯಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ನಾವು ಶುರು ಮಾಡಿದೆವು. ಎಂಟೂವರೆಗೆ ಮೇಸ್ತ್ರಿ ಆರು ಜನರನ್ನು ಕರೆದುಕೊಂಡು ಬಂದ.

ಹಾಡುವವನು ಹೊರಗೆ ಹೋಗಿ ಕೈ ಮುಗಿದ. "ಅಣ್ಣಾ, ಒಂದಿನ."

"ಆಗಕಿಲ್ಲ ಕಣಪ್ಪ. ನಾಳಿಕ್ಕೆ ಬ್ಯಾರೆ ಕಡೆ ಒಪ್ಕಂಡಿವ್ನಿ." ಮೇಸ್ತ್ರಿ ಕೊಟ್ಟಿಗೆಯೊಳಗೆ ಇಣುಕಿ ವೈರುಗಳನ್ನು ನೋಡಿದ. "ಒಂದ್ ಕೆಲ್ಸ ಮಾಡ್ತೀನಿ. ಮುಂದ್ಲ ಮನೆ ಅಂಚು ಮೊದ್ಲು ಇಳುಸ್ತೀವಿ. ಇಂದಕ್ಕೆ ಬರಾದು ಮೂರ್ ಗಂಟೆ ಆಯ್ತದೆ. ಅಮ್ಯಾಕೆ ನೀವು ಒಳ್ಗಿದ್ರೂ ಸರಿ, ಓದ್ರೂ ಸರಿ."

ಎಂಟು ಹಾಡು, ಆರೂವರೆ ಗಂಟೆ. ಒಬ್ಬರಿಂದೊಬ್ಬರಿಗೆ ಹಂಚು ದಾಟಿಸುವ ಸದ್ದು ಗೋಡೆಯಾಚೆ ಟಕ್ ಟಕ್ ಎಂದು ನಿಲ್ಲದೆ ಬರುತ್ತಿತ್ತು. ಮೇಲೆ ಯಲಹಂಕದ ವಿಮಾನಗಳು. ಒಂದು ಹಾಡು ಚೆನ್ನಾಗಿ ಬಂತು ಅನ್ನುವಾಗ ರೈಲು ಕೂಗಿತು, ಮತ್ತೆ ಮೊದಲಿಂದ. ಹನ್ನೆರಡರ ಹೊತ್ತಿಗೆ ಮೂರೇ ಆಗಿದ್ದವು. ಸದ್ದಿಲ್ಲದ ಗಳಿಗೆಗೆ ಕಾದರೆ ಮುಗಿಯುವುದಿಲ್ಲ ಎಂದು ಗಿಟಾರಿನವನು ಕಿಟಕಿ ತೆರೆದಿಟ್ಟ. "ಬರ್ಲಿ, ಎಲ್ಲಾ ಬರ್ಲಿ ಒಳಗೆ." ಆಮೇಲೆ ಯಾರೂ ಊಟಕ್ಕೆ ಏಳಲಿಲ್ಲ. ಹಾಡುವವನ ಧ್ವನಿ ಎರಡು ಗಂಟೆಗೆ ಒಡೆಯತೊಡಗಿತು. ಬಿಸಿನೀರು ಕುಡಿದು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತ. ನಾನು ಗಡಿಯಾರ ನೋಡುವುದು, ಅವನ ಗಂಟಲು ನೋಡುವುದು ಇದೇ ಆಯಿತು. ಅಳ್ಳದ ಹಾಡನ್ನು ಕೊನೆಗಿಟ್ಟಿದ್ದೆವು. ಅದಕ್ಕೆ ಕೂತಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಹಾಡಿನ ಕಡೆಯ ಚರಣದಲ್ಲಿ ನಮ್ಮ ತಲೆಯ ಮೇಲೆಯೇ ಯಾರೋ ಹತ್ತಿದ ಸದ್ದಾಯಿತು. ಧೂಳು ನನ್ನ ಡ್ರಮ್ಮಿನ ಮೇಲೆ ಉದುರಿತು. ಅವನು ಮೇಲಕ್ಕೂ ನೋಡದೆ ಹಾಡಿ ಮುಗಿಸಿದ. ಮೊದಲ ಹಂಚು ಎತ್ತಿದರು, ಬಿಸಿಲು ಕೋಲಿನ ಹಾಗೆ ಒಳಗೆ ಬಿತ್ತು.

"ಆಯ್ತೇನ್ರಪ್ಪಾ?" ಎಂದು ಮೇಸ್ತ್ರಿ ಮೇಲಿಂದ ಕೂಗಿದ.

ಗಿಟಾರಿನವನು ಕೈ ಚಾಚಿ ಮೆಷೀನು ನಿಲ್ಲಿಸಿದ.

ಆ ಎಂಟು ಹಾಡುಗಳು ಅಂತರ್ಜಾಲದಲ್ಲಿವೆ. ನಾವು ದೊಡ್ಡವರಾಗಲಿಲ್ಲ. ಆದರೂ ಗೊತ್ತಿರುವವರಿಗೆ ಗೊತ್ತು. ಹುಬ್ಬಳ್ಳಿಯಲ್ಲಿ ಒಂದು ಸಲ ನಮ್ಮ ಅವ್ವ ಅಪ್ಪ ಊರಿನ ನೆಂಟರನ್ನೆಲ್ಲ ಕಟ್ಟಿಕೊಂಡು ಬಂದು ಕೂತಿದ್ದರು. ಅಪ್ಪ ಕೊನೆಯ ತನಕ ಕೇಳಿ, "ಹಿಂದ ಕುಂತ್ರ ನೀ ಕಾಣ್ಸೂದs ಇಲ್ಲಲ್ಲವಾ," ಎಂದು ಬೇಸರ ಮಾಡಿಕೊಂಡರು. ನಾನಾ ತೀರಿಹೋಗಿ ಎರಡು ವರ್ಷವಾಯಿತು. ಹಾಡುವವನು ಅಕ್ಕನ ಜೊತೆ ಹೂವಿನ ಕೆಲಸ ನೋಡಿಕೊಳ್ಳುತ್ತಾನೆ. ಗಿಟಾರಿನವನಿಗೆ ಮದುವೆಯಾಗಿ ಮಗಳಿದ್ದಾಳೆ. ವರ್ಷಕ್ಕೆ ನಾಲ್ಕೈದು ಸಲ ಹಾಡುತ್ತೇವೆ. ಅಭ್ಯಾಸ ಈಗ ಪುಟ್ಟೇನಹಳ್ಳಿಯಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ.

ಕಳೆದ ತಿಂಗಳು ಅವನು ಹೊಸ ಹಾಡು ತಂದ. ಹಾಡಿ ತೋರಿಸಿದ. ಚೆನ್ನಾಗಿತ್ತು. ಆಮೇಲೆ, "ಇದುಕ್ಕೆ ಡ್ರಮ್ಸ್ ಬ್ಯಾಡ ಕಣೆ," ಎಂದ.

"ಏನಂದೆ?" ಎಂದೆ.

"ಡ್ರಮ್ಸ್ ಬ್ಯಾಡ. ಸುಮ್ಕೆ ಕೂತ್ಕ."

ಈ ವಿಷಯದಲ್ಲಿ ನಾಲ್ಕು ಭಾನುವಾರದಿಂದ ಜಗಳ ನಡೆಯುತ್ತಿದೆ. ಗಿಟಾರಿನವನು ಯಾರ ಪಕ್ಷವೆಂದು ಇನ್ನೂ ಹೇಳಿಲ್ಲ.